ಕೊನೆಯ ಒಂದು ಗೇಣು

2025ರ ಜುಲೈ 4ರಂದು ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ವಿದ್ಯಾರ್ಥಿಗಳೊಡನೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿ ರೇಡಿಯೊದಲ್ಲಿ. ನಿಲ್ದಾಣದ ಹ್ಯಾಮ್ ಧ್ವನಿ ಭೂಮಿಗೆ ಇಳಿದುಬರುವ ವಾಡಿಕೆಯ ಆವರ್ತನ 145.800 ಮೆಗಾಹರ್ಟ್ಸ್. ನೆತ್ತಿಯ ಮೇಲೆ ಹಾದುಹೋಗುವಾಗ ನಿಲ್ದಾಣ ನಮ್ಮಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿರುತ್ತದೆ. ದಿಗಂತದಲ್ಲಿ ಏಳುವಾಗಲೂ ಇಳಿಯುವಾಗಲೂ 2000 ಕಿಲೋಮೀಟರಿಗಿಂತ ಆಚೆ. ಅಷ್ಟು ದೂರದ ಮಾತು ಹಿಡಿಯಲು ದೊಡ್ಡ ತಟ್ಟೆ ಆಂಟೆನಾ ಬೇಕಿಲ್ಲ. ಅಂಗೈಯಲ್ಲಿ ಹಿಡಿಯುವ ರೇಡಿಯೊ ಸ್ಕ್ಯಾನರ್, ತಾರಸಿಯ ಮೇಲೆ ಅರ್ಧ ಮೀಟರ್ ಕಡ್ಡಿಯ ಒಂದು ಆಂಟೆನಾ, ಎರಡನ್ನೂ ಜೋಡಿಸುವ ಒಂದು ಕೇಬಲ್ ಇದ್ದರೆ ಸಾಕು. ತಾರಸಿಯಿಂದ ಇಳಿದುಬಂದ ಆ ಕೇಬಲ್ ಸ್ಕ್ಯಾನರಿಗೆ ಸೇರುವ ಕೊನೆಯ ಒಂದು ಗೇಣಿನ ಬಗ್ಗೆ ಈ ಬರಹ. ಇಡೀ ವ್ಯವಸ್ಥೆಯಲ್ಲಿ ನೋಡಲು ತೀರಾ ಚಿಕ್ಕದಾಗಿ ಕಾಣುವ, ಕೈಗೆಲಸವನ್ನು ಎಲ್ಲಕ್ಕಿಂತ ಹೆಚ್ಚು ಬೇಡುವ ಭಾಗ ಅದು.

ಸ್ಕ್ಯಾನರ್ ಎಂದರೆ ಮೊದಲೇ ತುಂಬಿಟ್ಟ ಆವರ್ತನಗಳ ಮೇಲೆ ಒಂದಾದ ಮೇಲೊಂದರಂತೆ ಓಡಿ, ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಂತು ಕೇಳಿಸುವ ಗ್ರಾಹಕ. ಅದು ಕೇಳುತ್ತದೆಯೇ ಹೊರತು ಮಾತಾಡುವುದಿಲ್ಲ. ಐಕಾಮ್ ಕಂಪನಿಯ ಐಸಿ-ಆರ್6 ಎಂಬ ಪುಟ್ಟ ಸೆಟ್ಟಿನಲ್ಲಿ 1300 ಆವರ್ತನಗಳನ್ನು ನೆನಪಿನಲ್ಲಿಡಬಹುದು. ಯೂನಿಡೆನ್‌ನ ಬಿಸಿ125ಎಟಿಯಲ್ಲಿ 500. ಹ್ಯಾಮ್‌ಗಳು ಕೈಯಲ್ಲಿ ಹಿಡಿದು ಮಾತಾಡುವ ಹ್ಯಾಂಡಿ ಸೆಟ್ಟುಗಳಿಗೂ ಇಲ್ಲಿ ಹೇಳುವ ಬಹುಪಾಲು ವಿಷಯ ಅನ್ವಯಿಸುತ್ತದೆ. ಒಂದು ಮಾತು ಮೊದಲೇ ಹೇಳಬೇಕು. ನಮ್ಮ ದೇಶದಲ್ಲಿ ಇಂಥ ಸಲಕರಣೆ ಇಟ್ಟುಕೊಳ್ಳುವುದಕ್ಕೆ ಕಾನೂನಿನ ಕಟ್ಟುಪಾಡುಗಳಿವೆ. ದೂರಸಂಪರ್ಕ ಇಲಾಖೆಯ ಡಬ್ಲ್ಯೂಪಿಸಿ ವಿಭಾಗದ ಪರೀಕ್ಷೆ ಪಾಸು ಮಾಡಿ ಹವ್ಯಾಸಿ ರೇಡಿಯೊ ಪರವಾನಗಿ ಪಡೆಯುವುದೇ ನೇರ ದಾರಿ. 12 ವರ್ಷ ತುಂಬಿದ ಹುಡುಗ ಹುಡುಗಿಯರೂ ಆ ಪರೀಕ್ಷೆಗೆ ಕೂರಬಹುದು. ಪೊಲೀಸರ ಮಾತನ್ನೋ ಇನ್ನೊಬ್ಬರ ಖಾಸಗಿ ಮಾತನ್ನೋ ಕದ್ದು ಕೇಳುವುದು ಈ ಹವ್ಯಾಸದ ಭಾಗವಲ್ಲ.

ಸ್ಕ್ಯಾನರಿನ ಜತೆ ಬರುವ ರಬ್ಬರ್ ಹೊದಿಕೆಯ ಗಿಡ್ಡ ಆಂಟೆನಾ ಜೇಬಿಗೆ ಅನುಕೂಲ, ಕಿವಿಗೆ ಅಲ್ಲ. ಆರ್‌ಸಿಸಿ ಮನೆಯ ಗೋಡೆಯಲ್ಲೂ ತಾರಸಿಯಲ್ಲೂ ಕಬ್ಬಿಣದ ಸರಳುಗಳ ಜಾಲವಿದ್ದು, ಒಳಗೆ ಕೂತವರಿಗೆ ಅದು ರೇಡಿಯೊ ಅಲೆಗಳನ್ನು ತಡೆಯುತ್ತದೆ. ಎತ್ತರದ ಲೆಕ್ಕವೂ ಇದೆ. ಈ ಆವರ್ತನದ ಅಲೆಗಳು ಹೆಚ್ಚುಕಡಿಮೆ ನೇರ ದೃಷ್ಟಿಯಲ್ಲೇ ಸಾಗುವುದರಿಂದ ಆಂಟೆನಾ ಎಷ್ಟು ಎತ್ತರದಲ್ಲಿದೆಯೋ ಅದರ ದಿಗಂತ ಅಷ್ಟು ದೂರ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕೈಯಲ್ಲಿ ಹಿಡಿದ ಸೆಟ್ಟಿಗೆ ಬಯಲಿನಲ್ಲಿ ರೇಡಿಯೊ ದಿಗಂತ ಸುಮಾರು 5 ಕಿಲೋಮೀಟರ್. 12 ಮೀಟರ್ ಎತ್ತರದ ಆಂಟೆನಾಕ್ಕೆ ಸುಮಾರು 14. ಆಕಾಶದಲ್ಲಿರುವ ನಿಲ್ದಾಣದ ಮಟ್ಟಿಗಂತೂ ಸುತ್ತಲ ಕಟ್ಟಡಗಳ ಮರೆ ತಪ್ಪಿದರೆ ಅದು ಕೇಳಿಸುವ ಸಮಯವೂ ಹೆಚ್ಚುತ್ತದೆ. ಚೆನ್ನಾಗಿ ಮೇಲೇರಿ ಹಾದುಹೋಗುವ ಒಂದು ಸುತ್ತಿನಲ್ಲಿ ಅದು ನಮಗೆ ಸಿಗುವುದೇ ಸುಮಾರು 10 ನಿಮಿಷ.

ತಾರಸಿಯ ಆಂಟೆನಾವನ್ನು ಹವ್ಯಾಸಿಗಳು ಸಾಮಾನ್ಯವಾಗಿ ತಾವೇ ಮಾಡಿಕೊಳ್ಳುತ್ತಾರೆ. ನೆಟ್ಟಗೆ ನಿಂತ ಒಂದು ಕಡ್ಡಿ, ಅದರ ಬುಡದಿಂದ ಹೊರಕ್ಕೆ ಇಳಿಬಿದ್ದ ನಾಲ್ಕು ಕಡ್ಡಿ. ಇದು ಕಾಲು ಅಲೆಯುದ್ದದ ಆಂಟೆನಾ. 145 ಮೆಗಾಹರ್ಟ್ಸ್‌ನ ಅಲೆಯುದ್ದ ಎರಡು ಮೀಟರಿಗಿಂತ ತುಸು ಹೆಚ್ಚು. ಅದರ ಕಾಲುಭಾಗದಲ್ಲಿ ಕಡ್ಡಿಯ ದಪ್ಪಕ್ಕೂ ತುದಿಗೂ ಸ್ವಲ್ಪ ಕಳೆದರೆ ಸುಮಾರು 49 ಸೆಂಟಿಮೀಟರ್. ಬುಡದ ಕಡ್ಡಿಗಳು ನೆಲಕ್ಕೆ ಸಮನಾಗಿ ಚಾಚಿದ್ದರೆ ಆಂಟೆನಾದ ತಡೆ ಸುಮಾರು 36 ಓಮ್. ಅವನ್ನೇ 45 ಡಿಗ್ರಿ ಕೆಳಕ್ಕೆ ಬಾಗಿಸಿದರೆ ಅದು 50ರ ಹತ್ತಿರಕ್ಕೆ ಬರುತ್ತದೆ. ಕಡ್ಡಿಯ ಬಾಗು ಒಂದರಿಂದಲೇ ಆಂಟೆನಾ ಕೇಬಲ್‌ಗೆ ಹೊಂದಿಕೊಳ್ಳುತ್ತದೆ. ಇನ್ನೊಂದು ಅನುಕೂಲವೂ ತಾನಾಗಿ ಒದಗುತ್ತದೆ: ಹ್ಯಾಮ್‌ಗಳ ಮಾತನ್ನು ಮರುಪ್ರಸಾರ ಮಾಡುವ ನಿಲ್ದಾಣದ ರಿಪೀಟರ್ ಮಾತು ಇಳಿಸುವುದು 437.800ರಲ್ಲಿ. ಅದು 145ರ ಸುಮಾರು ಮೂರು ಪಟ್ಟು. ಹೀಗಾಗಿ ಇದೇ ಕಡ್ಡಿ ಅಲ್ಲಿ ಮುಕ್ಕಾಲು ಅಲೆಯುದ್ದವಾಗಿ ಕೆಲಸ ಮಾಡುತ್ತದೆ.

ಆಂಟೆನಾ ಹಿಡಿದದ್ದನ್ನು ಕೆಳಗಿಳಿಸುವುದು ಕೋಆಕ್ಸಿಯಲ್ ಕೇಬಲ್, ಬಾಯಿಮಾತಿನಲ್ಲಿ ಕೋಆಕ್ಸ್. ನಡುವೆ ಒಂದು ತಾಮ್ರದ ತಂತಿ, ಅದರ ಸುತ್ತ ಪ್ಲಾಸ್ಟಿಕ್ಕಿನ ಅವಾಹಕ, ಅದರ ಮೇಲೆ ಸಣ್ಣ ಎಳೆಗಳನ್ನು ಹೆಣೆದ ಜಾಲರಿ, ಎಲ್ಲಕ್ಕೂ ಹೊರಗೆ ಕಪ್ಪು ಹೊದಿಕೆ. ಈ ರಚನೆಗೆ ಆಲಿವರ್ ಹೆವಿಸೈಡ್ ಬ್ರಿಟನ್ನಿನಲ್ಲಿ 1880ರಲ್ಲೇ ಪೇಟೆಂಟ್ ಪಡೆದಿದ್ದರು. ಸಂಕೇತ ನಡುತಂತಿಗೂ ಜಾಲರಿಗೂ ನಡುವಿನ ಜಾಗದಲ್ಲಿ ಸಾಗುತ್ತದೆ. ಹೊರಗಿನ ಗದ್ದಲವನ್ನು ಒಳಗೆ ಬಿಡದೆ ತಡೆಯುವುದೂ ಜಾಲರಿಯೇ. ಕೇಬಲ್ ಮೇಲೆ ಬರೆದಿರುವ 50 ಓಮ್ ಅಥವಾ 75 ಓಮ್ ಎಂಬುದನ್ನು ಕೇಬಲ್ಲಿನ ಉದ್ದ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವುದು ಜಾಲರಿಯ ಒಳವ್ಯಾಸಕ್ಕೂ ನಡುತಂತಿಯ ವ್ಯಾಸಕ್ಕೂ ಇರುವ ಅನುಪಾತ, ಮತ್ತು ನಡುವೆ ತುಂಬಿದ ಪ್ಲಾಸ್ಟಿಕ್ಕಿನ ಗುಣ. ಗಟ್ಟಿ ಪಾಲಿಥೀನ್ ತುಂಬಿದ ಕೇಬಲ್‌ನಲ್ಲಿ ಆ ಅನುಪಾತ ಮೂರೂವರೆಯ ಆಸುಪಾಸು ಇದ್ದರೆ 50 ಓಮ್. ಕೇಬಲ್ಲನ್ನು ಬಾಗಿಲಿನ ಸಂದಿಗೆ ಸಿಕ್ಕಿಸಿ ಜಜ್ಜಬಾರದು, ಮೂಲೆಯಲ್ಲಿ ಮಡಿಸಬಾರದು ಎಂದು ಬಲ್ಲವರು ಎಚ್ಚರಿಸುವುದು ಇದೇ ಕಾರಣಕ್ಕೆ. ಹೊದಿಕೆ ಹರಿಯದಿದ್ದರೂ ಒಳಗಿನ ಅಳತೆ ಕೆಟ್ಟರೆ ಅಲ್ಲಿ ಸಂಕೇತದ ಒಂದು ಪಾಲು ಹಿಂದಕ್ಕೆ ತಿರುಗುತ್ತದೆ.

ಸಂಕೇತ ಎಷ್ಟು ಸಣ್ಣದೆಂದು ತಿಳಿದರೆ ಮಾತ್ರ ಈ ಕಾಳಜಿಯ ಬೆಲೆ ತಿಳಿಯುತ್ತದೆ. ಒಳ್ಳೆಯ ಸ್ಕ್ಯಾನರ್ 0.2 ಮೈಕ್ರೊವೋಲ್ಟ್ ಆಸುಪಾಸಿನ ಸಂಕೇತವನ್ನೂ ಮಾತಾಗಿಸಬಲ್ಲದು. ಅಂದರೆ ಒಂದು ವೋಲ್ಟನ್ನು ಐವತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಇಂಥದ್ದನ್ನು ಕೆಳಗಿಳಿಸುವ ದಾರಿಯಲ್ಲಿ ಕೇಬಲ್ ತನ್ನ ತೆರಿಗೆ ಕಳೆಯುತ್ತದೆ. ತಾರಸಿಯಿಂದ ಕೋಣೆಗೆ 15 ಮೀಟರ್ ಎಂದಿಟ್ಟುಕೊಳ್ಳೋಣ. ಅಂಗಡಿಯಲ್ಲಿ ಸುಲಭವಾಗಿ ಸಿಗುವ, 5 ಮಿಲಿಮೀಟರ್ ದಪ್ಪದ ಆರ್‌ಜಿ-58 ಕೇಬಲ್ 150 ಮೆಗಾಹರ್ಟ್ಸ್‌ನಲ್ಲಿ ಅಷ್ಟು ಉದ್ದಕ್ಕೆ ಸುಮಾರು 3 ಡೆಸಿಬಲ್ ತಿನ್ನುತ್ತದೆ. ಮೇಲೆ ಹಿಡಿದದ್ದರಲ್ಲಿ ಅರ್ಧ ದಾರಿಯಲ್ಲೇ ಶಾಖವಾಗಿ ಹೋಯಿತು. ಹೆಬ್ಬೆರಳಿನಷ್ಟು ದಪ್ಪವಲ್ಲದಿದ್ದರೂ 10 ಮಿಲಿಮೀಟರ್ ದಾಟಿದ ಎಲ್‌ಎಂಆರ್-400 ಬಳಸಿದರೆ ಕಳೆಯುವುದು ಆರರಲ್ಲೊಂದು ಪಾಲು ಮಾತ್ರ. 437ರಲ್ಲಿ ಕೇಳುವುದಾದರೆ ಆರ್‌ಜಿ-58 ಇನ್ನೂ ದುಬಾರಿ. ಹೆಚ್ಚುಕಡಿಮೆ ಮುಕ್ಕಾಲು ಪಾಲು ಅದರಲ್ಲೇ ಮುಗಿಯುತ್ತದೆ.

ಈ ಲೆಕ್ಕದಲ್ಲಿ ನನಗೆ ಬಹಳ ಹಿಡಿಸಿದ ಭಾಗ ಕೇಬಲ್ ಟಿವಿಯವರ ತಂತಿಯದು. ನಮ್ಮ ಊರುಗಳ ಮನೆಮನೆಗೂ ಎಳೆದಿರುವ ಡಿಶ್ ಕೇಬಲ್, ಆರ್‌ಜಿ-6, 75 ಓಮ್‌ನದು. 50 ಓಮ್ ಸ್ಕ್ಯಾನರಿಗೆ ಅದು ಕೂಡದು ಎಂದು ಪುಸ್ತಕ ಓದಿದವರು ಕೂಡಲೇ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿದರೆ, 75 ಮತ್ತು 50 ಸೇರುವ ಒಂದು ಜಾಗದಲ್ಲಿ ಹಿಂದಿರುಗುವ ಪಾಲು ನೂರಕ್ಕೆ 4. ಆದರೆ ಅದೇ 15 ಮೀಟರಿನಲ್ಲಿ ಆರ್‌ಜಿ-6 ತಿನ್ನುವುದು ಒಂದು ಡೆಸಿಬಲ್‌ಗಿಂತ ತುಸು ಹೆಚ್ಚು, ಆರ್‌ಜಿ-58ಕ್ಕಿಂತ ಎಷ್ಟೋ ಕಡಿಮೆ. ಕೇಳುವುದಕ್ಕಷ್ಟೇ ಆದರೆ ಆ ಅಗ್ಗದ ಬಿಳಿಯೋ ಕರಿಯೋ ತಂತಿ ಗೌರವದ ಆಯ್ಕೆ. ಅದರ ಕನೆಕ್ಟರಿನ ಜಾಣ್ಮೆಯನ್ನೂ ಗಮನಿಸಬೇಕು. ಎಫ್ ಕನೆಕ್ಟರಿನಲ್ಲಿ ಪ್ರತ್ಯೇಕ ಪಿನ್ನೇ ಇಲ್ಲ. ಕೇಬಲ್ಲಿನ ನಡುತಂತಿಯನ್ನೇ ಸರಿಯಾದ ಉದ್ದಕ್ಕೆ ಕತ್ತರಿಸಿ ಹೊರಬಿಟ್ಟರೆ ಅದೇ ಪಿನ್. ಅದಕ್ಕೆಂದೇ ಆ ತಂತಿಯನ್ನು ಸಾಮಾನ್ಯವಾಗಿ ತಾಮ್ರ ಲೇಪಿಸಿದ ಉಕ್ಕಿನಿಂದ ಮಾಡುತ್ತಾರೆ. ಬಾಗದೆ ನೆಟ್ಟಗೆ ಒಳಹೋಗುತ್ತದೆ. ರೇಡಿಯೊ ಅಲೆ ಲೋಹದ ಮೇಲ್ಮೈಯಲ್ಲೇ ಹರಿಯುವುದರಿಂದ ಒಳಗಿನ ಉಕ್ಕು ಅದಕ್ಕೆ ಅಡ್ಡಿಯಾಗುವುದಿಲ್ಲ. ಜಾಲರಿ ಅಲ್ಯೂಮಿನಿಯಮ್ಮಿನದಾದ್ದರಿಂದ ಬೆಸುಗೆ ಹಿಡಿಯದು. ಒತ್ತಿ ಕೂರಿಸುವುದೇ ಇದಕ್ಕೆ ವಿಧಾನ.

ಈಗ ಕೊನೆಯ ಗೇಣಿಗೆ ಬರೋಣ. ತಾರಸಿಯಿಂದ ಬಂದ ದಪ್ಪ ಕೇಬಲ್ಲಿನ ತುದಿಯಲ್ಲಿ ಹ್ಯಾಮ್‌ಗಳ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಪಿಎಲ್-259 ಎಂಬ ಪ್ಲಗ್. ಆಂಫಿನಾಲ್ ಕಂಪನಿಯ ಕ್ವಾಕೆನ್‌ಬುಶ್ ಎಂಬವರು 1930ರ ದಶಕದಲ್ಲಿ ರೂಪಿಸಿದ ಈ ಗಟ್ಟಿಮುಟ್ಟು ಕನೆಕ್ಟರಿನ ನಡುಪಿನ್ ಸುಮಾರು 4 ಮಿಲಿಮೀಟರ್ ದಪ್ಪ. ಸ್ಕ್ಯಾನರಿನ ತಲೆಯ ಮೇಲಿರುವ ಎಸ್‌ಎಂಎ ಸಾಕೆಟ್ಟಿಗೆ ಹೋಗುವ ಪಿನ್ ಒಂದು ಮಿಲಿಮೀಟರೂ ಇಲ್ಲ. ಎಸ್‌ಎಂಎ ಮೂಲತಃ ಯಂತ್ರಗಳ ಒಳಗೆ ಒಮ್ಮೆ ಜೋಡಿಸಿ ಬಿಡಲು ಹುಟ್ಟಿದ ಕನೆಕ್ಟರ್. ಸುಮಾರು 500 ಸಲ ಹಾಕಿ ತೆಗೆಯುವವರೆಗೆ ಅದರ ಅಳತೆ ಕೆಡದೆಂದು ತಯಾರಕರು ಹೇಳುತ್ತಾರೆ. ಕೆಲವು ಸ್ಕ್ಯಾನರ್‌ಗಳಲ್ಲಿ, ಬಿಸಿ125ಎಟಿಯಲ್ಲಿರುವಂತೆ, ಬಿಎನ್‌ಸಿ ಇರುತ್ತದೆ. ಎರಡು ಗುಬುಟುಗಳಿಗೆ ಸೇರಿಸಿ ಕಾಲು ಸುತ್ತು ತಿರುಗಿಸಿದರೆ ಕೂತುಕೊಳ್ಳುವ ಆ ಕನೆಕ್ಟರ್ ದಿನಕ್ಕೆ ನಾಲ್ಕು ಸಲ ತೆಗೆದು ಹಾಕಿದರೂ ತಾಳುತ್ತದೆ. ಸ್ಕ್ಯಾನರ್ ಆರಿಸುವ ಅವಕಾಶ ಇದ್ದವರು ಇದನ್ನೂ ನೋಡಿ ಕೊಳ್ಳುವುದು ಒಳ್ಳೆಯದು.

ಅಂಗಡಿಗೆ ಹೋದರೆ ಎರಡು ತುದಿಗೂ ಸರಿಹೊಂದುವ ಗಟ್ಟಿ ಅಡಾಪ್ಟರ್ ಸಿಗುತ್ತದೆ. ಒಂದು ಕಡೆ ಎಸ್‌ಎಂಎ, ಇನ್ನೊಂದು ಕಡೆ ಪಿಎಲ್-259 ಹಿಡಿಯುವ ಸಾಕೆಟ್. ಅದನ್ನು ಸ್ಕ್ಯಾನರಿಗೆ ಹಾಕಿ ದಪ್ಪ ಕೇಬಲ್ ತಿರುಗಿಸಿದರೆ ವಿದ್ಯುತ್ತಿನ ದೃಷ್ಟಿಯಿಂದ ಕೆಲಸ ಮುಗಿಯಿತು. ತೊಂದರೆ ಇರುವುದು ಭಾರದಲ್ಲಿ. ಎಲ್‌ಎಂಆರ್-400 ಮೀಟರಿಗೆ ಸುಮಾರು ನೂರು ಗ್ರಾಂ ತೂಗುತ್ತದೆ, ಸುಲಭವಾಗಿ ಬಾಗುವುದೂ ಇಲ್ಲ. ಅಡಾಪ್ಟರ್ ಉದ್ದವಾದಷ್ಟೂ ಆ ಭಾರವೂ ಸೆಟೆತವೂ ಸನ್ನೆಗೋಲಿನ ಬಲದಿಂದ ಸಾಕೆಟ್ಟಿನ ಬುಡವನ್ನು ಮೀಟುತ್ತವೆ. ಸ್ಕ್ಯಾನರಿನ ಒಳಗೆ ಆ ಸಾಕೆಟ್ ನಿಂತಿರುವುದು ಸರ್ಕಿಟ್ ಬೋರ್ಡಿನ ಮೇಲಿನ ಕೆಲವು ಬೆಸುಗೆಗಳ ಆಧಾರದಲ್ಲಿ. ಅವು ಒಂದೇ ದಿನಕ್ಕೆ ಬಿಡುವುದಿಲ್ಲ. ಕೂದಲೆಳೆ ಬಿರುಕು ಬಿಡುತ್ತವೆ, ಸೆಟ್ಟು ಅಲುಗಿಸಿದಾಗ ಮಾತ್ರ ಕೇಳಿಸತೊಡಗುತ್ತದೆ, ಕೊನೆಗೆ ನಿಲ್ಲುತ್ತದೆ.

ಇದಕ್ಕೆ ಹವ್ಯಾಸಿಗಳು ಕಂಡುಕೊಂಡ ಉತ್ತರವೇ ಪಿಗ್‌ಟೇಲ್. ಗೇಣಿನಿಂದ ಮೊಳದವರೆಗಿನ, ತೆಳ್ಳನೆಯ, ಮೆತ್ತಗೆ ಬಾಗುವ ಒಂದು ತುಂಡು ಕೋಆಕ್ಸ್. ಒಂದು ತುದಿಗೆ ಎಸ್‌ಎಂಎ, ಇನ್ನೊಂದು ತುದಿಗೆ ದಪ್ಪ ಕೇಬಲ್ ಹಿಡಿಯುವ ಸಾಕೆಟ್. ದಪ್ಪ ಕೇಬಲ್ಲಿನ ಭಾರವನ್ನು ಮೇಜಿನ ಅಂಚಿಗೋ ಗೋಡೆಗೋ ಕ್ಲ್ಯಾಂಪು ಹಾಕಿ ಹೊರಿಸುತ್ತಾರೆ. ಸ್ಕ್ಯಾನರಿಗೆ ತಾಗುವುದು ಕೆಲವೇ ಗ್ರಾಂ. ತೆಳ್ಳನೆ ಕೇಬಲ್ ಎಂದರೆ ಕಳೆತ ಹೆಚ್ಚು ಎಂದು ಈಗಷ್ಟೇ ಓದಿದವರು ಕೇಳಬಹುದು. ಪಿಗ್‌ಟೇಲಿಗೆ ಒಗ್ಗುವ ಆರ್‌ಜಿ-316 ಕೇಬಲ್ 30 ಸೆಂಟಿಮೀಟರಿಗೆ ತಿನ್ನುವುದು ಒಂದು ಡೆಸಿಬಲ್ಲಿನ ಸುಮಾರು ಹತ್ತನೇ ಒಂದು ಪಾಲು. ಹದಿನೈದು ಮೀಟರಿಗೆ ಅದನ್ನು ಬಳಸುವುದು ತಪ್ಪು, ಒಂದು ಗೇಣಿಗೆ ಬಳಸದಿರುವುದೇ ತಪ್ಪು.

ಪಿಗ್‌ಟೇಲ್ ಕೊಳ್ಳಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಸಂತೆಯಲ್ಲಿ ಅದರ ಬಿಡಿಭಾಗಗಳನ್ನು ಕೊಂಡು ಕೈಯಾರೆ ಮಾಡುವುದನ್ನು ನೋಡುವುದು ಬೇರೆಯೇ ಸಂತೋಷ. ಆರ್‌ಜಿ-316 ಇಡೀ ಕೇಬಲ್ಲೇ ಎರಡೂವರೆ ಮಿಲಿಮೀಟರ್ ದಪ್ಪ. ಅದರ ಅವಾಹಕ ಒಂದೂವರೆ ಮಿಲಿಮೀಟರ್. ನಡುತಂತಿ ಬೆಳ್ಳಿ ಲೇಪಿಸಿದ ಏಳು ಎಳೆಗಳ ಹೊಸೆತ, ಏಳೂ ಸೇರಿ ಅರ್ಧ ಮಿಲಿಮೀಟರ್. ಇದರಲ್ಲಿ ಕೆಲಸ ಮಾಡುವವರು ಮೊದಲು ಮಾಡುವುದು ಕತ್ತರಿಸುವ ಕೆಲಸವಲ್ಲ. ಶಾಖಕ್ಕೆ ಕುಗ್ಗುವ ಕೊಳವೆಯ ತುಂಡನ್ನೂ ಲೋಹದ ಪುಟ್ಟ ಬಳೆಯನ್ನೂ ಕೇಬಲ್ಲಿಗೆ ಪೋಣಿಸಿ ಹಿಂದಕ್ಕೆ ಸರಿಸುವುದು. ಕನೆಕ್ಟರ್ ಕೂತ ಮೇಲೆ ಇವನ್ನು ಪೋಣಿಸಲು ದಾರಿಯಿಲ್ಲ, ಎಲ್ಲ ಬಿಚ್ಚಬೇಕಾಗುತ್ತದೆ.

ನಂತರ ಪದರ ಬಿಡಿಸುವುದು. ಬಾಳೆದಿಂಡಿನ ಸುಳಿಗೆ ಗಾಯವಾಗದಂತೆ ಒಂದೊಂದೇ ಪಟ್ಟೆ ತೆಗೆದ ಹಾಗೆ ಈ ಕೆಲಸ. ಹರಿತವಾದ ಬ್ಲೇಡನ್ನು ಹೊದಿಕೆಯ ಮೇಲೆ ಇಟ್ಟು, ಒತ್ತದೆ, ಕೇಬಲ್ಲನ್ನು ಬೆರಳಲ್ಲಿ ಉರುಳಿಸುತ್ತಾರೆ. ಹೊದಿಕೆಯ ಮುಕ್ಕಾಲು ದಪ್ಪ ಮಾತ್ರ ಕತ್ತರಿಸುತ್ತದೆ. ಉಳಿದದ್ದನ್ನು ಬಾಗಿಸಿ ಸೀಳಿಸುತ್ತಾರೆ. ಬ್ಲೇಡು ಜಾಲರಿಗೆ ತಾಗಿದರೆ ಕೆಲವು ಎಳೆ ತುಂಡಾಗಿ, ಅವುಗಳಲ್ಲಿ ಒಂದು ಮುಂದೆ ನಡುಪಿನ್ನಿಗೆ ತಾಗಿ ಎಲ್ಲವನ್ನೂ ಕೆಡಿಸಬಹುದು. ಜಾಲರಿಯನ್ನು ಸೂಜಿಮೊನೆಯಿಂದ ಬಾಚಿ ಹಿಂದಕ್ಕೆ ಮಡಿಸಿ, ಅವಾಹಕವನ್ನು ಕೆಲವೇ ಮಿಲಿಮೀಟರ್ ಬಿಡಿಸುತ್ತಾರೆ. ಬಿಡಿಸಬೇಕಾದ ಉದ್ದ ಕನೆಕ್ಟರಿನ ಜತೆ ಬರುವ ಚಿತ್ರದಲ್ಲಿ ಇರುತ್ತದೆ, ಒಂದೊಂದು ತಯಾರಿಕೆಗೆ ಒಂದೊಂದು. ಪಳಗಿದವರೂ ಆ ಅಳತೆಯನ್ನು ಕಣ್ಣಂದಾಜಿಗೆ ಬಿಡುವುದಿಲ್ಲ.

ನಡುಪಿನ್ ಒಂದು ಅಕ್ಕಿಕಾಳಿಗಿಂತ ಸಣ್ಣದು. ಅದರ ಹಿಂಭಾಗ ಟೊಳ್ಳು. ಪಕ್ಕದಲ್ಲಿ ಸೂಜಿ ಚುಚ್ಚಿದಷ್ಟು ರಂಧ್ರ. ಟೊಳ್ಳಿನೊಳಗೆ ನಡುತಂತಿ ತೂರಿಸಿ, ರಂಧ್ರದಲ್ಲಿ ಸೋಲ್ಡರಿನ ತೆಳುತಂತಿ ತಾಗಿಸಿ, ಬೆಸುಗೆ ಕಡ್ಡಿಯ ಕಾದ ಮೊನೆಯನ್ನು ಪಿನ್ನಿಗೆ ಹಿಡಿಯುತ್ತಾರೆ. ಬೆಳ್ಳಿಯ ಒಂದು ಮಿಂಚು ಒಳಗೆ ಇಳಿದೊಡನೆ ಮೊನೆ ತೆಗೆಯಬೇಕು. ಸೋಲ್ಡರ್ ಹೆಚ್ಚಾಗಿ ಪಿನ್ನಿನ ಹೊರಮೈಗೆ ಹತ್ತಿದರೆ ಅದು ದಪ್ಪವಾಗಿ, ಸ್ಕ್ಯಾನರಿನ ಸಾಕೆಟ್ಟಿನ ಒಳಗಿರುವ ಸೂಕ್ಷ್ಮ ಬೆರಳುಗಳನ್ನು ಅಗಲಿಸಿಬಿಡುತ್ತದೆ. ಆ ಬೆರಳುಗಳು ಮತ್ತೆ ಮುಚ್ಚಿಕೊಳ್ಳುವುದಿಲ್ಲ. ಆರ್‌ಜಿ-316ರ ಅವಾಹಕ ಟೆಫ್ಲಾನ್ ಆಗಿರುವುದು ಇಲ್ಲಿ ಉಪಕಾರಕ್ಕೆ ಬರುತ್ತದೆ. ತವರ-ಸೀಸದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗತೊಡಗಿದರೆ ಟೆಫ್ಲಾನ್ 320 ಡಿಗ್ರಿ ದಾಟುವವರೆಗೂ ಕರಗದು. ಆರ್‌ಜಿ-58ರ ಪಾಲಿಥೀನ್ ಸೋಲ್ಡರಿಗಿಂತ ಬಹಳ ಮೊದಲೇ ಮೆತ್ತಗಾಗುತ್ತದೆ. ಅದರ ಜತೆ ಕೆಲಸ ಮಾಡುವಾಗ ಕೈ ಇನ್ನೂ ಚುರುಕಾಗಿರಬೇಕು.

ಪಿನ್ ಕೂಡಿದ ತಂತಿಯನ್ನು ಕನೆಕ್ಟರಿನ ಒಡಲಿಗೆ ತಳ್ಳುತ್ತಾರೆ. ಅವಾಹಕ ಒಳಗೆ ಹೋಗಿ ನಿಲ್ಲುತ್ತದೆ. ಜಾಲರಿ ಮಾತ್ರ ಒಡಲಿನ ಹಿಂದಿನ ಗೀರುಗಳಿರುವ ಕೊರಳಿನ ಹೊರಗೆ ಸವರಿಕೊಳ್ಳುತ್ತದೆ. ಮೊದಲೇ ಪೋಣಿಸಿದ್ದ ಬಳೆಯನ್ನು ಈಗ ಅದರ ಮೇಲೆ ಎಳೆದು, ಕ್ರಿಂಪಿಂಗ್ ಇಕ್ಕಳದ ಸರಿಯಾದ ಆರುಮೂಲೆಯ ಗೂಡಿನಲ್ಲಿಟ್ಟು ಒಮ್ಮೆ ಒತ್ತುತ್ತಾರೆ. ಒಂದೇ ಒತ್ತು, ಪೂರ್ತಿ ಒತ್ತು. ಜಾಲರಿಯ ಒಂದೊಂದು ಎಳೆಯೂ ಕೊರಳಿಗೂ ಬಳೆಗೂ ನಡುವೆ ಲೋಹಕ್ಕೆ ಲೋಹ ಅಪ್ಪಿ ಸಿಕ್ಕಿಕೊಳ್ಳುತ್ತದೆ. ಗಾಳಿಗೂ ತೇವಕ್ಕೂ ಜಾಗವಿಲ್ಲ. ಕುಗ್ಗುವ ಕೊಳವೆಯನ್ನು ಮುಂದಕ್ಕೆ ತಂದು ಬಿಸಿಗಾಳಿ ತೋರಿಸಿದರೆ ಒಂದು ತುದಿ ಮುಗಿಯಿತು. ಇನ್ನೊಂದು ತುದಿಗೂ ಇದೇ ಕ್ರಮ, ಭಾಗಗಳು ಸ್ವಲ್ಪ ದೊಡ್ಡವು.

ದಪ್ಪ ಕೇಬಲ್ಲಿಗೆ ಪಿಎಲ್-259 ಕೂರಿಸುವುದು ಇದಕ್ಕೆ ತದ್ವಿರುದ್ಧ ಸ್ವಭಾವದ ಕೆಲಸ. ಇಲ್ಲಿ ಬೇಕಾದದ್ದು ಬಿಸಿ. ಕನೆಕ್ಟರಿನ ಹಿತ್ತಾಳೆಯ ಒಡಲು ಶಾಖವನ್ನು ನುಂಗುತ್ತದೆ. 25 ವ್ಯಾಟಿನ ಬೆಸುಗೆ ಕಡ್ಡಿ ಹಿಡಿದು ಕೂತರೆ ಜಾಲರಿಗೆ ಸೋಲ್ಡರ್ ಹತ್ತುವ ಮೊದಲು ಒಳಗಿನ ಪ್ಲಾಸ್ಟಿಕ್ ನಿಧಾನವಾಗಿ ಬೆಂದು ನಡುತಂತಿ ಒಂದು ಬದಿಗೆ ಜರುಗುತ್ತದೆ. 100 ವ್ಯಾಟಿನ ದಪ್ಪ ಮೊನೆಯಲ್ಲಿ ಕೆಲವೇ ಕ್ಷಣ ಮುಟ್ಟಿಸಿ, ಒಡಲಿನ ನಾಲ್ಕು ಕಿಂಡಿಗಳ ಮೂಲಕ ಸೋಲ್ಡರ್ ಇಳಿಸಿ ತೆಗೆಯುವುದು ಸುರಕ್ಷಿತ. ಕಡಿಮೆ ಶಾಖ ಕೊಟ್ಟರೆ ಪ್ಲಾಸ್ಟಿಕ್ ಉಳಿಯುತ್ತದೆ ಎಂಬ ಸಹಜ ಅಂದಾಜು ಇಲ್ಲಿ ನಡೆಯುವುದಿಲ್ಲ. ಬೆಸುಗೆ ತಾನಾಗಿ ಆರುವ ತನಕ ಅಲುಗಿಸುವುದಿಲ್ಲ, ಊದುವುದೂ ಇಲ್ಲ.

ಮಲ್ಟಿಮೀಟರಿನ ಪರೀಕ್ಷೆ ಚುಟುಕಾದದ್ದು. ನಡುಪಿನ್ನಿನಿಂದ ನಡುಪಿನ್ನಿಗೆ ಬೀಪ್ ಬರಬೇಕು, ಒಡಲಿನಿಂದ ಒಡಲಿಗೆ ಬರಬೇಕು, ಪಿನ್ನಿನಿಂದ ಒಡಲಿಗೆ ಬರಕೂಡದು. ಕೇಬಲ್ಲನ್ನು ಬಾಗಿಸುತ್ತಾ ಇದನ್ನೇ ಇನ್ನೊಮ್ಮೆ ನೋಡುತ್ತಾರೆ. ಇದನ್ನು ಆಂಟೆನಾ ಸೇರಿಸುವ ಮೊದಲೇ ಮಾಡಬೇಕು, ಏಕೆಂದರೆ ಕೆಲವು ಬಗೆಯ ಆಂಟೆನಾಗಳಲ್ಲಿ ಪಿನ್ನೂ ಒಡಲೂ ಲೋಹದಲ್ಲೇ ಕೂಡಿಕೊಂಡಿರುತ್ತವೆ. ಅಂಥ ಆಂಟೆನಾ ಸೇರಿಸಿದ ಮೇಲೆ ಪಿನ್ನಿನಿಂದ ಒಡಲಿಗೆ ಬೀಪ್ ಬಂದರೂ ಅದು ದೋಷವಲ್ಲ. ಈಚೆಗೆ ಕೈಗೆಟಕುವ ಬೆಲೆಗೆ ಸಿಗುವ ನ್ಯಾನೊವಿಎನ್‌ಎ ಎಂಬ ಅಳತೆಯಂತ್ರ ಇದ್ದವರು ರೇಡಿಯೊ ಆವರ್ತನದಲ್ಲೇ ಕೇಬಲ್ಲನ್ನು ಪರೀಕ್ಷಿಸಬಹುದು. ಎಷ್ಟು ಪಾಲು ಹಿಂದಿರುಗುತ್ತಿದೆ ಎಂಬುದು ಗೆರೆಯಾಗಿ ಕಾಣುತ್ತದೆ.

ಅಂಗಡಿಯಲ್ಲಿ ಎಸ್‌ಎಂಎ ಕೇಳುವವರು ಒಂದು ವಿಷಯ ನೋಡಿಕೊಳ್ಳಬೇಕು. ವೈಫೈ ರೂಟರುಗಳಲ್ಲಿ ಬಳಸುವ ಆರ್‌ಪಿ-ಎಸ್‌ಎಂಎ ಹೊರಗಿನಿಂದ ಇದೇ ರೂಪ, ಥ್ರೆಡ್ ಕೂಡ ಇದೇ. ಪಿನ್ನೂ ರಂಧ್ರವೂ ಮಾತ್ರ ಅದಲುಬದಲು. ಸ್ಕ್ಯಾನರಿಗೆ ಅದು ನಯವಾಗಿ ತಿರುಗಿ ಕೂರುತ್ತದೆ, ಆದರೆ ಒಳಗೆ ಎರಡೂ ಕಡೆ ರಂಧ್ರವೇ ಇದ್ದು ಏನೂ ತಾಗುವುದಿಲ್ಲ. ಐಸಿ-ಆರ್6ರಂಥ ಸೆಟ್ಟಿನ ತಲೆಯಲ್ಲಿರುವುದು ರಂಧ್ರ, ಆದ್ದರಿಂದ ಪಿಗ್‌ಟೇಲಿಗೆ ಪಿನ್ ಬೇಕು. ಬಾವೊಫೆಂಗ್ ಯುವಿ-5ಆರ್‌ನಂಥ ಹ್ಯಾಂಡಿ ಸೆಟ್ಟುಗಳಲ್ಲಿ ಪಿನ್ ಸೆಟ್ಟಿನಲ್ಲೇ ಇದೆ. ಅಲ್ಲಿ ಪಿಗ್‌ಟೇಲಿಗೆ ರಂಧ್ರ ಬೇಕು. ಥ್ರೆಡ್ ನೋಡಿ ತೀರ್ಮಾನಿಸದೆ, ನಡುವೆ ಇಣುಕಿ ನೋಡಿ ಕೊಳ್ಳುವುದೇ ದಾರಿ.

ಜೋಡಿಸುವ ಗಳಿಗೆಗೂ ಒಂದು ಶಿಸ್ತಿದೆ. ಸ್ಕ್ಯಾನರ್ ಆಫ್ ಮಾಡಿ, ಹಳೆಯ ಗಿಡ್ಡ ಆಂಟೆನಾವನ್ನು ತುದಿ ಹಿಡಿಯದೆ ಬುಡದಲ್ಲಿ ಹಿಡಿದು ಬಿಚ್ಚುತ್ತಾರೆ. ಒಣಗಾಳಿಯಲ್ಲಿ ನಿಂತ ಆಂಟೆನಾ ಮೈಮೇಲೆ ಸ್ಥಿರ ವಿದ್ಯುತ್ತನ್ನು ಕೂಡಿಸಿಕೊಂಡಿರಬಹುದು. ಅದಕ್ಕಾಗಿ ತಾರಸಿಯಿಂದ ಬಂದ ಕೇಬಲ್ಲಿನ ಪಿನ್ನನ್ನೂ ಒಡಲನ್ನೂ ಒಂದು ಲೋಹದ ತುಂಡಿನಿಂದ ಕ್ಷಣಕಾಲ ಕೂಡಿಸಿ ಆ ವಿದ್ಯುತ್ತನ್ನು ಹರಿಯಬಿಡುತ್ತಾರೆ. ಐವತ್ತು ಲಕ್ಷದಲ್ಲೊಂದು ವೋಲ್ಟಿಗಾಗಿ ಕಾದಿರುವ ಗ್ರಾಹಕದ ಮೊದಲ ಟ್ರಾನ್ಸಿಸ್ಟರಿಗೆ ಸಣ್ಣ ಕಿಡಿಯೂ ಸಾವು. ಆಮೇಲೆ ಪಿಗ್‌ಟೇಲಿನ ನಟ್ಟನ್ನು ಸಾಕೆಟ್ಟಿನ ಮೇಲೆ ನೆಟ್ಟಗೆ ಇಟ್ಟು, ಮೊದಲು ಎಡಕ್ಕೆ, ಬಿಚ್ಚುವ ದಿಕ್ಕಿಗೆ, ತಿರುಗಿಸುತ್ತಾರೆ. ಥ್ರೆಡ್ಡಿನ ಮೊದಲ ಗೆರೆ ಜಾರಿ ಕೂತದ್ದು ಬೆರಳಿಗೆ ಸಣ್ಣ ಟಕ್ ಎಂದು ತಿಳಿಯುತ್ತದೆ. ಅಲ್ಲಿಂದ ಬಲಕ್ಕೆ ತಿರುಗಿಸಿದರೆ ಥ್ರೆಡ್ ಅಡ್ಡ ಹತ್ತುವುದಿಲ್ಲ. ತಿರುಗಬೇಕಾದದ್ದು ನಟ್ಟು ಮಾತ್ರ. ಒಡಲನ್ನು ಇನ್ನೊಂದು ಕೈಯಲ್ಲಿ ಅಲುಗದಂತೆ ಹಿಡಿದಿರಬೇಕು; ಒಡಲೂ ತಿರುಗಿದರೆ ಪಿನ್ ಸಾಕೆಟ್ಟಿನೊಳಗೆ ಉಜ್ಜಿ ಲೇಪ ಸವೆಯುತ್ತದೆ. ಬೆರಳ ಬಿಗಿ ಸಾಕು, ಇಕ್ಕಳ ಬೇಡ.

ಆನ್ ಮಾಡಿದ ಕೂಡಲೇ ಮಾತು ಸ್ಪಷ್ಟವಾಗುತ್ತದೆ ಎಂದುಕೊಂಡವರಿಗೆ ಕೆಲವೊಮ್ಮೆ ಎಂದೂ ಇಲ್ಲದ ಗದ್ದಲ ಕೇಳಿಸುತ್ತದೆ. ಖಾಲಿ ಇರಬೇಕಾದ ಆವರ್ತನದಲ್ಲಿ ಸಿನಿಮಾ ಹಾಡು ಬರುತ್ತದೆ. ಇದು ಕೇಬಲ್ಲಿನ ದೋಷವಲ್ಲ. ಬೆಂಗಳೂರಿನಂಥ ಊರಿನಲ್ಲಿ 91.1, 101.3, 102.9 ಎಂದು 88ರಿಂದ 108 ಮೆಗಾಹರ್ಟ್ಸ್ ಪಟ್ಟಿಯ ತುಂಬ ಎಫ್ಎಂ ಕೇಂದ್ರಗಳಿವೆ, ಕಿಲೋವ್ಯಾಟ್‌ಗಟ್ಟಲೆ ಬಲದಲ್ಲಿ. ಗಿಡ್ಡ ಆಂಟೆನಾಕ್ಕೆಂದೇ ಹದ ಮಾಡಿದ ಪುಟ್ಟ ಸೆಟ್ಟಿನ ಬಾಗಿಲಿಗೆ ಅವೆಲ್ಲ ಒಮ್ಮೆಲೇ ತುಂಬಿಬಂದರೆ ಅದರ ಮೊದಲ ಹಂತ ತಾಳಲಾರದೆ ಸಂಕೇತಗಳನ್ನು ಒಂದರೊಡನೊಂದು ಕಲಸುತ್ತದೆ. ಅಟೆನ್ಯುಯೇಟರ್ ಗುಂಡಿ ಒತ್ತಿದರೆ ಒಳಬರುವ ಎಲ್ಲವೂ ತಗ್ಗುತ್ತದೆ. ಎಲ್ಲವನ್ನೂ ತಗ್ಗಿಸಿದಾಗ ಬೇಕಾದ ಮಾತು ತೇಲಿ ಮೇಲೆ ಬರುವುದನ್ನು ಕೇಳಿದರೆ ಅಚ್ಚರಿಯಾಗುತ್ತದೆ. ಕಲಸುವಿಕೆಯಿಂದ ಹುಟ್ಟಿದ ಸುಳ್ಳು ಸಂಕೇತಗಳು, ನಿಜವಾದವು ತಗ್ಗುವುದಕ್ಕಿಂತ ಬಹಳ ವೇಗವಾಗಿ ಕುಸಿಯುತ್ತವೆ ಎಂಬುದು ಅದರ ಗುಟ್ಟು. ಇನ್ನೂ ಅಚ್ಚುಕಟ್ಟಾದ ಪರಿಹಾರ ಎಫ್ಎಂ ಪಟ್ಟಿಯನ್ನಷ್ಟೇ ತಡೆಯುವ ಫಿಲ್ಟರ್. ಬೆರಳುದ್ದದ ಆ ಡಬ್ಬಿಯನ್ನು ದಪ್ಪ ಕೇಬಲ್ಲಿಗೂ ಪಿಗ್‌ಟೇಲಿಗೂ ನಡುವೆ ಸೇರಿಸುತ್ತಾರೆ.

ನಿಲ್ದಾಣವನ್ನು ಕೇಳುವವರು ಮೂರು ನೆನಪಿನ ಮನೆಗಳಲ್ಲಿ 145.805, 145.800, 145.795 ಎಂದು ತುಂಬಿಟ್ಟುಕೊಳ್ಳುತ್ತಾರೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗಿಂತ ವೇಗವಾಗಿ ಬರುವಾಗ ಅದರ ಆವರ್ತನ ನಮಗೆ ಸುಮಾರು 3.5 ಕಿಲೋಹರ್ಟ್ಸ್ ಮೇಲೆ ಕಾಣುತ್ತದೆ, ದೂರ ಸರಿಯುವಾಗ ಅಷ್ಟೇ ಕೆಳಗೆ.

ಹೊರಗಿನ ಕೆಲಸದಲ್ಲಿ ಎರಡು ಮಾತು ಬಿಡುವಂತಿಲ್ಲ, ಮಳೆ ಮತ್ತು ಸಿಡಿಲು. ಪಿಎಲ್-259 ನೀರು ತಡೆಯುವ ಕನೆಕ್ಟರಲ್ಲ. ಒಂದು ಹನಿ ಜಾಲರಿಗೆ ಸೇರಿದರೆ ಎಳೆಗಳ ನಡುವಿನ ಸಂದಿಯಲ್ಲಿ ಅದು ಮೀಟರುಗಟ್ಟಲೆ ಒಳಗೆ ಹೀರಿಕೊಂಡು ಹೋಗುತ್ತದೆ. ಅದಕ್ಕೆ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎರಡು ಪಟ್ಟು ಉದ್ದಕ್ಕೆ ಎಳೆಯುತ್ತಾ, ಅರ್ಧರ್ಧ ಮೇಲೇರುವಂತೆ, ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾರೆ. ಮೇಲಿನ ಸುತ್ತು ಕೆಳಗಿನದನ್ನು ಮುಚ್ಚುವುದರಿಂದ ನೀರು ಹೊರಗೇ ಜಾರುತ್ತದೆ. ಬಿಸಿಲು ತಡೆಯಲು ಅದರ ಮೇಲೆ ಕಪ್ಪು ಪಿವಿಸಿ ಟೇಪು. ಕಿಟಕಿಯೊಳಗೆ ಬರುವ ಮುನ್ನ ಕೇಬಲ್ಲನ್ನು ಒಂದು ಮೊಳ ಕೆಳಕ್ಕೆ ಜೋಲಿಸಿ ಮೇಲೆತ್ತುತ್ತಾರೆ. ಹರಿದುಬಂದ ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಸಿಡಿಲಿಗೆ ಇಷ್ಟು ಸುಲಭದ ಉತ್ತರವಿಲ್ಲ. ಕಂಬವನ್ನು ದಪ್ಪ ತಾಮ್ರದಿಂದ ನೆಲಕ್ಕೆ ಅರ್ತ್ ಮಾಡಿ, ಕೇಬಲ್ ಒಳಬರುವಲ್ಲಿ ಅರೆಸ್ಟರ್ ಹಾಕಿದರೂ, ಏಪ್ರಿಲ್ ಮೇ ತಿಂಗಳ ಗುಡುಗುಮಳೆ ಕವಿಯುವ ಮೊದಲೇ ಕೇಬಲ್ಲನ್ನು ಬಿಚ್ಚಿ ತುದಿಯನ್ನು ಮನೆಯ ಹೊರಗಿಡುವುದು ಅನುಭವಸ್ಥರ ರೂಢಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟುವುದೇ ಇಲ್ಲ.

ಮಳೆಗಾಲಕ್ಕೆ ಮುಂಚೆ ವರ್ಷಕ್ಕೊಮ್ಮೆ ತಾರಸಿಯ ಟೇಪು ಬಿಚ್ಚಿ ನೋಡುತ್ತಾರೆ. ಜಾಲರಿಯ ತಾಮ್ರ ಹೊಳೆಯುತ್ತಿದ್ದರೆ ಮತ್ತೆ ಸುತ್ತಿಡುತ್ತಾರೆ. ಕಪ್ಪಗೋ ಹಸಿರಾಗಿಯೋ ಇದ್ದರೆ ಉಜ್ಜಿ ಪ್ರಯೋಜನವಿಲ್ಲ. ಹೊಳೆಯುವ ತಾಮ್ರ ಸಿಗುವ ತನಕ ಕೇಬಲ್ ಕತ್ತರಿಸಿ, ಹೊಸ ಕನೆಕ್ಟರ್ ಕೂರಿಸುತ್ತಾರೆ. ಹಾಗಾಗಿಯೇ ಬಲ್ಲವರು ಕೇಬಲ್ ಕೊಳ್ಳುವಾಗ ಅಳತೆಗಿಂತ ಒಂದು ಮೀಟರ್ ಹೆಚ್ಚೇ ಕೊಳ್ಳುವುದು.